ಮೇಲಿನಿಂದ ನೋಡಿ ಅಂತರ್ಜಲ ಹುಡುಕುವುದು

ಯಾವ ಕ್ಯಾಮೆರಾಕ್ಕೂ ನೆಲದಡಿಯ ನೀರು ಕಾಣುವುದಿಲ್ಲ. ವೈಮಾನಿಕ ಛಾಯಾಚಿತ್ರದಲ್ಲಿ ಸಿಗುವುದು ನೀರಿರಬಹುದಾದ ಜಾಗದ ಸುಳಿವು. ಗ್ರಾನೈಟ್‌ನಂಥ ಗಟ್ಟಿ ಬಂಡೆಯ ಪ್ರದೇಶದಲ್ಲಿ ನೀರು ನಿಲ್ಲುವುದು ಶಿಥಿಲವಾದ ಮೇಲ್ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಬಿರುಕು ಮಣ್ಣಿನಡಿ ಮುಚ್ಚಿಹೋಗಿದ್ದರೂ ಅದರ ಮೇಲಿನ ನೆಲ ತುಸು ತಗ್ಗಾಗಿ, ತೇವ ಹಿಡಿದು, ಬಣ್ಣ ಕಡುವಾಗಿರುತ್ತದೆ, ಮರಗಳು ಸಾಲುಗಟ್ಟಿರುತ್ತವೆ, ಡೊಂಕಾಗಿ ಹರಿಯುವ ಹಳ್ಳ ಅಲ್ಲಿ ಮಾತ್ರ ನೆಟ್ಟಗಾಗುತ್ತದೆ. ನೆಲದ ಮೇಲೆ ಇವೆಲ್ಲ ಬಿಡಿಬಿಡಿ, ಮೇಲಿನಿಂದ ಒಂದೇ ಗೆರೆ. ಸುಣ್ಣಕಲ್ಲಿನ ಪ್ರದೇಶದಲ್ಲಿ ಇಂಥ ಗೆರೆಗಳಿಗೂ ಬಾವಿಗಳ ಇಳುವರಿಗೂ ಇರುವ ನಂಟನ್ನು ಭೂವಿಜ್ಞಾನಿಗಳಾದ ಲ್ಯಾಟ್‌ಮನ್ ಮತ್ತು ಪಾರಿಜೆಕ್ 1964ರಲ್ಲೇ ತೋರಿಸಿದ್ದರು.

ಚಿತ್ರ ತೆಗೆದ ಕಾಲ ಬಹಳ ಮುಖ್ಯ. ಮಳೆ ಬಿದ್ದ ಹೊಸದರಲ್ಲಿ ಎಲ್ಲವೂ ಹಸಿರಾಗಿ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಒಣಗಾಲದ ಕೊನೆಯಲ್ಲೂ ಬಾಡದ ಗಿಡಗಳೇ ನಿಜವಾದ ಸಾಕ್ಷಿ. ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನೂ ಹಿಡಿಯುವ ಬಣ್ಣದ ಛಾಯಾಚಿತ್ರದಲ್ಲಿ ಅವು ಕಡುಕೆಂಪಾಗಿ ಎದ್ದು ಕಾಣುತ್ತವೆ.

ಹಾರಾಟದ ದಿಕ್ಕಿನಲ್ಲಿ ಒಂದು ಚಿತ್ರದ ಸುಮಾರು ಶೇ. 60 ಭಾಗ ಮುಂದಿನದರಲ್ಲೂ ಬರುವಂತೆ ತೆಗೆದಿರುತ್ತಾರೆ. ಆ ಜೋಡಿಯನ್ನು, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಸ್ಟೀರಿಯೊಸ್ಕೋಪಿನಡಿ ಇಟ್ಟರೆ ನೆಲದ ಉಬ್ಬುತಗ್ಗು ಮೂರು ಆಯಾಮದಲ್ಲಿ ಏಳುತ್ತದೆ. ನೆರಳು ನೋಡುವವರ ಕಡೆಗೇ ಬೀಳುವಂತೆ ಚಿತ್ರ ಇಡಬೇಕು, ಇಲ್ಲವಾದರೆ ಕಣಿವೆ ದಿಣ್ಣೆಯಂತೆ ಕಂಡು ಮೋಸವಾಗುತ್ತದೆ. ಬೇಲಿ, ಹಳೆಯ ದಾರಿ, ಹೂತ ಪೈಪು, ಉಳುಮೆಯ ಅಂಚು ಕೂಡ ನೇರ ಗೆರೆಗಳೇ. ಹಾಗಾಗಿ ಇಬ್ಬರು ಬೇರೆಬೇರೆಯಾಗಿ ಗುರುತು ಹಾಕಿ, ಇಬ್ಬರಿಗೂ ಕಂಡದ್ದನ್ನಷ್ಟೇ ಮೊದಲು ನಂಬುವುದು ಒಳ್ಳೆಯದು.

ಹಲವು ಬಾವಿಗಳು ಕೈಕೊಡುವುದು ಚಿತ್ರದ ಗೆರೆಯನ್ನು ನೆಲದ ಮೇಲೆ ಗುರುತಿಸುವಾಗ. 1:20,000 ಪ್ರಮಾಣದಲ್ಲಿ ಪೆನ್ಸಿಲು 1 ಮಿಲಿಮೀಟರ್ ಸರಿದರೆ ನೆಲದಲ್ಲಿ 20 ಮೀಟರ್ ತಪ್ಪುತ್ತದೆ. 10 ಮೀಟರ್ ಅಗಲದ ಬಿರುಕುಪಟ್ಟಿ ಅಲ್ಲಿಗೇ ಕೈತಪ್ಪಿತು. ಚಿತ್ರದ ಅಂಚಿನಲ್ಲಿ ಎತ್ತರದ ಜಾಗಗಳು ಹೊರಕ್ಕೆ ವಾಲಿರುವುದರಿಂದ ತಪ್ಪು ಇನ್ನೂ ಹೆಚ್ಚು. ಒಂಟಿ ಮರ, ಬಂಡೆಯಂಥ ಗುರುತುಗಳಿಂದ ಅಳೆದು ಜಾಗ ಖಚಿತಪಡಿಸಿಕೊಳ್ಳಿ.

ಗೆರೆ ಬಿರುಕಾಗಿರದೆ ಡೋಲರೈಟ್ ಡೈಕ್, ಅಂದರೆ ಬಂಡೆಯೊಳಗೆ ಗೋಡೆಯಂತೆ ನುಗ್ಗಿ ಗಟ್ಟಿಯಾದ ಕಪ್ಪು ಶಿಲೆ ಆಗಿದ್ದರೆ ಲೆಕ್ಕವೇ ಬೇರೆ. ಬಿರುಕಿಲ್ಲದ ಡೈಕ್ ನೀರಿಗೆ ಅಡ್ಡಗೋಡೆ. ಅದರ ಮೇಲೆ ಕೊರೆದರೆ ಒಣಬಾವಿ, ನೀರು ಹರಿದುಬರುವ ಮಗ್ಗುಲಲ್ಲಿ ಕೊರೆದರೆ ಆಸೆಯಿದೆ.

ಕೊನೆಗೆ ಗೆರೆಗೆ ಅಡ್ಡಲಾಗಿ ವಿದ್ಯುತ್ ರೋಧ, ಅಂದರೆ ವಿದ್ಯುತ್ತಿಗೆ ನೆಲ ಒಡ್ಡುವ ತಡೆ, ಅಳೆಯಬೇಕು. ನೀರು ತುಂಬಿದ ಬಿರುಕಿನಲ್ಲಿ ರೋಧ ಕಡಿಮೆ, ಆದರೆ ಜೇಡಿಯಲ್ಲೂ ಉಪ್ಪುನೀರಿನಲ್ಲೂ ಕಡಿಮೆಯೇ. ಸುತ್ತಲಿನ ಬಾವಿಗಳ ನೀರನ್ನೂ ಕೊರೆದಾಗ ಬಂದ ಮಣ್ಣನ್ನೂ ನೋಡದೆ ಆ ಅಂಕಿಗಳನ್ನು ಓದಬಾರದು.