ಕಿಡ್ನಿ ಇಟ್ಟ ಲೆಕ್ಕ

ಒಂದು ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಮೂಳೆಯೊಳಗಿನ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಹೊಸ ಕಣಗಳನ್ನು ತಯಾರಿಸುತ್ತದೆ. ಎಷ್ಟು ಬೇಕು ಅಂತ ಹೇಳುವುದು ಕಿಡ್ನಿ. ಆಮ್ಲಜನಕ ಕಮ್ಮಿಯಾದರೆ ಅದು ಇಪಿಒ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ, ಮಜ್ಜೆ ಚುರುಕಾಗುತ್ತದೆ. ಆಮ್ಲಜನಕ ಸಾಕಾದರೆ ಇಪಿಒ ಇಳಿಯುತ್ತದೆ.

ಕಣ ಹೆಚ್ಚಿದ್ದರೆ ಸ್ನಾಯುಗಳಿಗೆ ಆಮ್ಲಜನಕವೂ ಹೆಚ್ಚು, ದಮ್ಮೂ ಹೆಚ್ಚು. ತೆಗೆದಿಟ್ಟ ರಕ್ತವನ್ನು ಕೆಲವು ವಾರಗಳ ನಂತರ ಅದೇ ವ್ಯಕ್ತಿಗೆ ವಾಪಸ್ ಏರಿಸಿದರೆ ದಮ್ಮು ಹೆಚ್ಚುತ್ತದೆ ಅಂತ 1972ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕೆಲವು ಸೈಕ್ಲಿಸ್ಟ್‌ಗಳು ರಕ್ತ ಏರಿಸಿಕೊಂಡೇ ಓಡಿಸಿದರು. ಆಗ ಅದು ನಿಯಮಕ್ಕೆ ವಿರುದ್ಧವೇ ಆಗಿರಲಿಲ್ಲ!

1989ರಲ್ಲಿ ಅಮೆರಿಕದಲ್ಲಿ ಕಿಡ್ನಿ ರೋಗಿಗಳಿಗಾಗಿ ಇಪಿಒ ಔಷಧಿಗೆ ಅನುಮತಿ ಸಿಕ್ಕಿತು. ಆಮೇಲೆ ಮೋಸ ಮಾಡುವ ಕ್ರೀಡಾಪಟುಗಳಿಗೆ ರಕ್ತದ ಚೀಲ ಹೊರುವ ಗೋಜೇ ಬೇಡ, ಸೂಜಿ ಸಾಕು. ಮರುವರ್ಷವೇ ಒಲಿಂಪಿಕ್ ಸಮಿತಿ ಅದನ್ನು ನಿಷೇಧಿಸಿತು. ಆದರೆ ಹಿಡಿಯುವುದು ಹೇಗೆ? ಪರೀಕ್ಷೆ ಬಂದಿದ್ದು 2000ದ ಸಿಡ್ನಿ ಒಲಿಂಪಿಕ್ಸ್‌ಗೆ. ನಡುವೆ 1997ರಲ್ಲಿ ಸೈಕ್ಲಿಂಗ್ ಸಂಸ್ಥೆ ಒಂದು ಗೆರೆ ಎಳೆಯಿತು: ಗಂಡಸರ ರಕ್ತದಲ್ಲಿ ಕಣಗಳ ಪಾಲು ಶೇಕಡ 50 ದಾಟಿದರೆ ಸ್ಪರ್ಧೆಯಿಲ್ಲ. ನನ್ನ ಮಟ್ಟಿಗೆ ಇದು ಅರೆಬರೆ ಮದ್ದು. 49ರ ತನಕ ಏರಿಸಿಕೊಳ್ಳಬಹುದು ಅಂತ ಹೇಳಿಕೊಟ್ಟಂತೆ, ಅಲ್ವಾ? ಅತ್ತ ಫಿನ್ಲೆಂಡಿನ ಸ್ಕೀ ಪಟು ಏರೋ ಮಾಂಟಿರಾಂಟಾ ಅವರಂಥವರೂ ಇದ್ದರು. 1964ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಇವರಿಗೆ ಹುಟ್ಟಿನಿಂದಲೇ ಕಣಗಳು ವಿಪರೀತ ಜಾಸ್ತಿ. ಕಾರಣ ಒಂದು ಜೀನಿನ ಬದಲಾವಣೆ ಅಂತ 1990ರ ದಶಕದಲ್ಲಿ ಗೊತ್ತಾಯಿತು.

ಎಲ್ಲರಿಗೂ ಒಂದೇ ಗೆರೆ ಹೊಂದುವುದಿಲ್ಲ ಎಂದಾದ ಮೇಲೆ 2008ರ ಹೊತ್ತಿಗೆ ಬಯಾಲಾಜಿಕಲ್ ಪಾಸ್‌ಪೋರ್ಟ್ ಬಂತು. ಪ್ರತಿಯೊಬ್ಬರ ರಕ್ತವನ್ನು ಅವರದೇ ಹಳೆಯ ಅಂಕಿಗಳ ಜೊತೆ ಹೋಲಿಸುವ ಪದ್ಧತಿ ಇದು. ಇಲ್ಲಿ ಕೈಹಿಡಿಯುವುದು ದೇಹದ ಸ್ವಂತ ಲೆಕ್ಕವೇ. ಹೊರಗಿನಿಂದ ರಕ್ತ ಬಂತೆಂದರೆ ಆಮ್ಲಜನಕ ಸಾಕಷ್ಟಿದೆ ಅಂತ ಕಿಡ್ನಿ ಇಪಿಒ ಕಮ್ಮಿ ಮಾಡುತ್ತದೆ, ಮಜ್ಜೆ ಮಂದವಾಗುತ್ತದೆ. ಹಿಮೋಗ್ಲೋಬಿನ್ ಮೇಲಿದ್ದರೂ ಎಳೆಯ ಕಣಗಳು, ಅಂದರೆ ರೆಟಿಕ್ಯುಲೋಸೈಟ್‌ಗಳು, ಇಳಿದಿರುತ್ತವೆ. ಇಪಿಒ ಚುಚ್ಚಿಕೊಂಡಾಗ ಮೊದಲು ಎಳೆಯ ಕಣ ಏರುತ್ತವೆ, ನಿಲ್ಲಿಸಿದ ಮೇಲೆ ಕುಸಿಯುತ್ತವೆ. ಔಷಧಿ ಮೂತ್ರದಿಂದ ಮಾಯವಾದರೂ ಈ ಏರಿಳಿತ ವಾರಗಟ್ಟಲೆ ಉಳಿಯುತ್ತದೆ.

ಆದರೆ ಅಂಕಿಯೇ ಸಾಕ್ಷಿಯಾದರೆ ತಕರಾರೂ ತಪ್ಪಿದ್ದಲ್ಲ. 2009ರಲ್ಲಿ ಜರ್ಮನಿಯ ಸ್ಕೇಟರ್ ಕ್ಲೌಡಿಯಾ ಪೆಚ್‌ಸ್ಟೈನ್ ಅವರಿಗೆ ಎಳೆಯ ಕಣಗಳ ಏರುಪೇರಿನ ಮೇಲೆಯೇ ಎರಡು ವರ್ಷ ನಿಷೇಧ ಬಿತ್ತು. ಯಾವ ಔಷಧಿಯೂ ಪತ್ತೆಯಾಗಿರಲಿಲ್ಲ. ಅದು ವಂಶದಿಂದ ಬಂದ ರಕ್ತದ ತೊಂದರೆ ಎಂದು ಅವರು ವಾದಿಸಿದರು. ಮುಂದೆ ಜರ್ಮನಿಯ ರಕ್ತತಜ್ಞರೂ ಹಾಗೆಯೇ ಹೇಳಿದರು. ಪ್ರಕರಣ ಕೋರ್ಟಿನಿಂದ ಕೋರ್ಟಿಗೆ ವರ್ಷಗಟ್ಟಲೆ ಸುತ್ತಿತು.