ಸರ್ಟಿಫಿಕೇಟ್ ಮಡಚಿಡು, ಡೈರಿ ತೆಗಿ

ಹೋದ ಸಲದ ಇಂಟರ್ನ್‌ಶಿಪ್ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಒಬ್ಬ ಹುಡುಗ ನನ್ನ ಮುಂದೆ ಸರ್ಟಿಫಿಕೇಟ್ ಇಟ್ಟ. ಮದುವೆ ಕರೆಯೋಲೆಗಿಂತ ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ, ಮೂಲೆಯಲ್ಲಿ ಕ್ಯೂಆರ್ ಕೋಡ್. ನಾಲ್ಕು ವಾರ ಪೂರ್ಣಾವಧಿ ಕೆಲಸ ಮಾಡಿದ್ದಾನೆ ಎಂದಿತ್ತು. ತಾರೀಖು ನೋಡಿದೆ. ಅದರಲ್ಲಿ ಎರಡನೇ ವಾರ ಈತ ನಮ್ಮದೇ ಎಂಜಿನಿಯರಿಂಗ್ ಕಾಲೇಜಿನ ಹಾಲ್‌ನಲ್ಲಿ ಕೂತು ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿದ್ದ. ಒಂದು ದಿನ ಆ ಕೋಣೆಗೆ ಮೇಲ್ವಿಚಾರಕನಾಗಿ ಹೋದವನು ನಾನೇ. ಕೇಳಿದ್ದಕ್ಕೆ "ಸರ್, ಅದು ಆನ್‌ಲೈನ್" ಅಂದ. ಮುಖದಲ್ಲಿ ಅಂಜಿಕೆಯೂ ಇರಲಿಲ್ಲ, ಸುಳ್ಳು ಹೇಳುತ್ತಿದ್ದೇನೆಂಬ ಭಾವವೂ ಇರಲಿಲ್ಲ. ಅವನ ಲೆಕ್ಕದಲ್ಲಿ ಇಂಟರ್ನ್‌ಶಿಪ್ ಅಂದರೆ ಆ ಕಾಗದ. ದುಡ್ಡು ಕಟ್ಟಿದ್ದಾನೆ, ಕಾಗದ ಬಂದಿದೆ, ತಂದು ಕೊಟ್ಟಿದ್ದಾನೆ. ಇನ್ನೇನು?

ಅವನನ್ನು ಬೈಯುವ ಮೊದಲು ನನ್ನದನ್ನೂ ಹೇಳಿಬಿಡಬೇಕು. ವಿಭಾಗದ ಇಂಟರ್ನ್‌ಶಿಪ್ ಸಂಚಾಲಕನಾದ ಮೊದಲ ಎರಡು ವರ್ಷ ನಾನೂ ಕಾಗದ ನೋಡಿಯೇ ಅಂಕ ಹಾಕಿದವನು. ದೊಡ್ಡ ಊರಿನ ವಿಳಾಸವಿದ್ದರೆ ಕೈ ತಾನಾಗಿ ಐವತ್ತಕ್ಕೆ ನಲವತ್ತೈದರ ಮೇಲೆ ಹೋಗುತ್ತಿತ್ತು. ಇಲ್ಲೇ ಅಕ್ಕಿ ಗಿರಣಿಗೆ ಹೋಗಿ ಬಂದವಳ ವರದಿ ಎಣ್ಣೆ ಹತ್ತಿ ಮಾಸಿತ್ತು, ಬೈಂಡಿಂಗೂ ಸರಿಯಿರಲಿಲ್ಲ. ಆಕೆಗೆ ಮೂವತ್ತೆರಡು ಕೊಟ್ಟೆ. ಆ ವರದಿಯನ್ನು ಆಮೇಲೆ ಯಾವುದೋ ಕಾರಣಕ್ಕೆ ಪೂರ್ತಿ ಓದಿದೆ. ಅದರ ವಿಷಯ ಮುಂದೆ ಬರುತ್ತದೆ.

ಲೆಕ್ಕ ಗೊತ್ತಿಲ್ಲದ ಪೋಷಕರಿಗಾಗಿ ಎರಡು ಮಾತು. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2018ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಇಂಟರ್ನ್‌ಶಿಪ್ ಎಂದರೆ ರಜೆಯಲ್ಲಿ ನಾಲ್ಕು ವಾರ. 2022ರ ಸ್ಕೀಮ್‌ನಲ್ಲಿ ಅದು ಕೊನೆಯ ವರ್ಷದ 14ರಿಂದ 20 ವಾರಗಳ ಕೆಲಸವಾಗಿ ಬೆಳೆದಿದೆ, 10 ಕ್ರೆಡಿಟ್. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಮಾರ್ಗಸೂಚಿಯ ಪ್ರಕಾರ ನಾಲ್ಕು ವರ್ಷದಲ್ಲಿ ಒಟ್ಟು 600ರಿಂದ 700 ಗಂಟೆ ಇದಕ್ಕೆ ಹೋಗಬೇಕು. ಸ್ವಾಯತ್ತ ಕಾಲೇಜುಗಳ ಲೆಕ್ಕ ಸ್ವಲ್ಪ ಬೇರೆ. ಮೂರು ನಾಲ್ಕು ವಿಷಯಗಳಷ್ಟು ತೂಕ ಇದಕ್ಕೆ ಬಂದ ಮೇಲೂ ಒಂದು ಕಾಗದ ನೋಡಿ ಅಂಕ ಹಾಕಿದರೆ, ಹತ್ತು ಕ್ರೆಡಿಟ್‌ಗಳನ್ನು ಸಂತೆಯಲ್ಲಿ ಹರಾಜು ಹಾಕಿದ ಹಾಗೆ.

ಪ್ರತಿ ಏಪ್ರಿಲ್‌ನಲ್ಲಿ ನನಗೆ ಬರುವ ಮೊದಲ ತಕರಾರು ಒಂದೇ: "ಸರ್, ನಮ್ಮೂರ ಕಡೆ ಕಂಪನಿ ಎಲ್ಲಿವೆ?" ಇದಕ್ಕೆ ಕಾರಣವೂ ಇದೆ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲ ಮುಗಿದಿದೆ. ನಮ್ಮ ವರ್ಕ್‌ಶಾಪ್‌ನಲ್ಲಿ ಇವತ್ತಿಗೂ ಓಡುವ ಹಳೆಯ ಲೇತ್‌ಗಳ ಮೇಲೆ ಮೈಸೂರು ಕಿರ್ಲೋಸ್ಕರ್ ಎಂದು ಎರಕದಲ್ಲಿ ಮೂಡಿದೆ. ಅವು ಇಲ್ಲೇ ಹದಿನೈದು ಕಿಲೋಮೀಟರ್ ಒಳಗಿನ ಹರಿಹರದಲ್ಲಿ ಹುಟ್ಟಿದವು, ಆ ಕಾರ್ಖಾನೆಯೇ ಈಗಿಲ್ಲ. ಅದನ್ನು ಹೇಳಿದರೆ ಹುಡುಗರು ಇತಿಹಾಸದ ಪಾಠ ಅಂದುಕೊಳ್ಳುತ್ತಾರೆ. ಆದರೆ ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣದಲ್ಲಿ ಗ್ರಾಸಿಮ್‌ನ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಕುಕ್ಕವಾಡದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಊರ ಸುತ್ತ ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮು, ಮಂಡಕ್ಕಿ ಭಟ್ಟಿ. ಚಿತ್ರದುರ್ಗದ ಕಡೆ ಹೊರಟರೆ ಗುಡ್ಡದ ನೆತ್ತಿಯ ಮೇಲೆಲ್ಲ ಗಾಳಿಯಂತ್ರ. ಇವುಗಳಲ್ಲಿ ಹೆಚ್ಚಿನವಕ್ಕೆ ಎಚ್‌ಆರ್ ವಿಭಾಗವಿಲ್ಲ, ವೆಬ್‌ಸೈಟಿಲ್ಲ. ಇಮೇಲ್ ಕಳಿಸಿ ಕೂತರೆ ವರ್ಷವಾದರೂ ಉತ್ತರ ಬರುವುದಿಲ್ಲ. ಲೆಟರ್‌ಹೆಡ್ ಹಿಡಿದು ನಾವೇ ಹೋಗಿ, ಮಾಲೀಕರ ಮುಂದೆ ಕೂತು, ಚಹಾ ಕುಡಿದು, "ಇಬ್ಬರನ್ನ ಕಳಿಸ್ತೀನಿ, ಕೆಲಸಕ್ಕೆ ಅಡ್ಡ ಬರಲ್ಲ" ಎಂದು ಮಾತು ಕೊಟ್ಟು ಬರಬೇಕು. ಮೂವರು ಅಂದರೆ ಒಪ್ಪುವುದಿಲ್ಲ. ಇಬ್ಬರಿಗೆ ಮೇಲ್ಪಟ್ಟು ಕಳಿಸಿದರೆ ಅವರು ಒಬ್ಬರಿಗೊಬ್ಬರು ಮಾತಾಡಿಕೊಂಡು ಕೂತುಬಿಡುತ್ತಾರೆ, ಕೆಲಸಗಾರರ ಜೊತೆ ಮಾತು ಬೆಳೆಯುವುದಿಲ್ಲ. ಇದು ಅನುಭವದ ಮಾತು.

ಎರಡನೇ ತಕರಾರು ಸಕ್ಕರೆ ಕಾರ್ಖಾನೆಯದು. ಕಬ್ಬು ಅರೆಯುವುದು ಸುಮಾರು ಅಕ್ಟೋಬರ್-ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ. ನಮ್ಮ ರಜೆ ಬರುವ ಹೊತ್ತಿಗೆ ಕಾರ್ಖಾನೆ ನಿಂತಿರುತ್ತದೆ. "ಬಂದ್ ಆಗಿರೋ ಫ್ಯಾಕ್ಟರೀಲಿ ಏನು ನೋಡೋದು ಸರ್?" ನೋಡುವ ಕಾಲ ಅದೇ, ತಮ್ಮಾ. ಯಂತ್ರ ಓಡುವಾಗ ನಿನಗೆ ಕಾಣುವುದು ಹೊರಗಿನ ಕವಚ, ಕೇಳುವುದು ಸದ್ದು. ಬೇಸಿಗೆಯ ಓವರ್‌ಹಾಲಿಂಗ್‌ನಲ್ಲಿ ಗಾಣದ ರೋಲರ್‌ಗಳನ್ನು ಕಳಚಿ ಕೆಳಗಿಟ್ಟಿರುತ್ತಾರೆ. ಅವುಗಳ ಹಲ್ಲು ಎಷ್ಟು ಸವೆದಿದೆ, ಬೇರಿಂಗ್ ಎಲ್ಲಿ ಗೀಚಿದೆ ಎಂದು ಕೈಯಲ್ಲಿ ಮುಟ್ಟಿ ನೋಡಬಹುದು. ಬಾಯ್ಲರ್ ಕೊಳವೆಗಳಲ್ಲಿ ಕಟ್ಟಿದ ಕಲ್ಲುಪದರವನ್ನು ಕೆರೆದು ತೆಗೆಯುವುದು, ಆಮೇಲೆ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸುವುದು, ಎಲ್ಲ ಆ ಎರಡು ಮೂರು ತಿಂಗಳಲ್ಲೇ. ನಾವು ತರಗತಿಯಲ್ಲಿ ಅಡ್ಡಸೀಳಿನ ಚಿತ್ರ ಬರೆದು ತೋರಿಸುವುದನ್ನು ಅವರು ನಿಜವಾಗಿ ಸೀಳಿ ಇಟ್ಟಿರುತ್ತಾರೆ. ಈಗ ನಾನು ಯಾವ ಕಾರ್ಖಾನೆಗೆ ಹೋದರೂ ಮೊದಲು ಕೇಳುವುದು "ನಿಮ್ಮ ರಿಪೇರಿ ಯಾವಾಗ?" ಎಂದೇ.

ಇನ್ನು ಆ ಎಣ್ಣೆ ಹತ್ತಿದ ವರದಿ.

ಅಕ್ಕಿ ಗಿರಣಿಯಲ್ಲಿ ಭತ್ತ ಸುಲಿಯುವುದು ಎರಡು ರಬ್ಬರ್ ರೋಲ್‌ಗಳ ನಡುವೆ. ಎರಡೂ ಎದುರುಬದುರಾಗಿ ತಿರುಗುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಒಂದು ಇನ್ನೊಂದಕ್ಕಿಂತ ಸುಮಾರು ಕಾಲು ಭಾಗ ಜೋರು. ಆ ವ್ಯತ್ಯಾಸದಿಂದಲೇ ಕಾಳಿನ ಒಂದು ಮಗ್ಗುಲನ್ನು ಒಂದು ರೋಲ್ ಹಿಡಿದರೆ ಇನ್ನೊಂದು ಎಳೆದು ಹೊಟ್ಟು ಬಿಡಿಸುತ್ತದೆ. ಆ ವರದಿಯಲ್ಲಿದ್ದ ಹುಡುಗಿಯ ಡೈರಿಯ ಒಂಬತ್ತನೇ ದಿನದಲ್ಲಿ ಹೀಗಿತ್ತು: "ಇವತ್ತು ಮೇಸ್ತ್ರಿ ಎರಡೂ ರೋಲ್ ಬಿಚ್ಚಿ ಅದಲು ಬದಲು ಮಾಡಿ ಹಾಕಿದರು. ಹೊಸದು ಹಾಕಲಿಲ್ಲ. ಯಾಕೆ ಅಂತ ಕೇಳಿದೆ. ಜೋರು ತಿರುಗೋ ರೋಲು ಬೇಗ ಸವೀತತಿ, ಅದಲು ಬದಲು ಮಾಡಿದ್ರೆ ಭತ್ತ ಮತ್ತೆ ಚೆನ್ನಾಗಿ ಸುಲೀತತಿ ಅಂದರು." ಮೇಸ್ತ್ರಿ ಹೇಳಿದ್ದು ಅಷ್ಟೇ. ಹತ್ತನೇ ದಿನ ಆಕೆ ಕ್ಯಾಲಿಪರ್ ಒಯ್ದು ಎರಡೂ ರೋಲ್ ಅಳೆದಿದ್ದಾಳೆ. ಹೊಸದಾಗಿದ್ದಾಗ ಎರಡೂ 254 ಮಿಲಿಮೀಟರ್ ವ್ಯಾಸ. ಅದಲು ಬದಲು ಮಾಡುವ ಮುಂಚೆ ಜೋರಿನದು 225ಕ್ಕೆ, ನಿಧಾನದ್ದು 240ಕ್ಕೆ ಸವೆದಿತ್ತು. ಜೋರಿನದು ನಿಮಿಷಕ್ಕೆ 1000 ಸುತ್ತು, ನಿಧಾನದ್ದು 800.

ಮುಂದಿನ ಪುಟದಲ್ಲಿ ಲೆಕ್ಕ. ಹೊಸ ರೋಲ್‌ಗಳ ಮೇಲ್ಮೈ ವೇಗದ ವ್ಯತ್ಯಾಸ ಸೆಕೆಂಡಿಗೆ 2.66 ಮೀಟರ್. ಸವೆದ ಮೇಲೆ ಅದು 1.73ಕ್ಕೆ ಇಳಿದಿತ್ತು, ಸುಲಿಯದ ಭತ್ತ ಜಾಸ್ತಿ ಬರುತ್ತಿದ್ದುದು ಅದಕ್ಕೆ. ಅದಲು ಬದಲು ಮಾಡಿದ ಮೇಲೆ ದಪ್ಪ ರೋಲ್ ಜೋರಿನ ಕಡೆ, ಸಣ್ಣದು ನಿಧಾನದ ಕಡೆ: ವ್ಯತ್ಯಾಸ 3.14. ಹೊಸದಕ್ಕಿಂತಲೂ ಹೆಚ್ಚು! ಅದರ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು: "ಹಂಗಾದರೆ ಈಗ ಅಕ್ಕಿ ನುಚ್ಚಾಗೋದು ಜಾಸ್ತಿ ಆಗಬೇಕಲ್ಲ? ನಾಳೆ ಜರಡಿ ಹತ್ತಿರ ನೋಡಬೇಕು."

ಮೂವತ್ತೆರಡು ಅಂಕ ಕೊಟ್ಟಿದ್ದೆನಲ್ಲ, ಇದಕ್ಕೆ.

ಆವತ್ತಿನಿಂದ ನಮ್ಮ ವಿಭಾಗದಲ್ಲಿ ನಿಯಮ ಬದಲಾಯಿತು. ನೂರು ಅಂಕದಲ್ಲಿ ಡೈರಿಗೆ 40, ವೈವಾಕ್ಕೆ 30, ನಡುವೆ ನಾವು ಭೇಟಿ ಕೊಟ್ಟಾಗ ಕಂಡದ್ದಕ್ಕೆ 15, ಸಂಸ್ಥೆಯವರ ಅಭಿಪ್ರಾಯಕ್ಕೆ 15. ಸರ್ಟಿಫಿಕೇಟ್‌ಗೆ ಸೊನ್ನೆ; ಅದು ಇರಬೇಕು, ಅಷ್ಟೇ, ಬಸ್ಸಿಗೆ ಟಿಕೆಟ್ ಇದ್ದ ಹಾಗೆ. ಬೈಂಡ್ ಮಾಡಿದ ವರದಿಯ ಬಗ್ಗೆ ನನಗೆ ಈಗ ಅಂಥ ಗೌರವ ಉಳಿದಿಲ್ಲ. ಮೊದಲ ಹದಿನೈದು ಪುಟ ಸಂಸ್ಥೆಯ ಚರಿತ್ರೆ, ಕೊನೆಯ ಹತ್ತು ಪುಟ ಇಂಟರ್ನೆಟ್‌ನಿಂದ ಇಳಿಸಿದ ಪಾಠ. ಈಗಂತೂ ಎಐಗೆ ಹೇಳಿದರೆ ಎರಡು ನಿಮಿಷದಲ್ಲಿ ವರದಿ ಸಿದ್ಧ, ಅದೂ ನಮ್ಮ ಹುಡುಗರು ಬರೆಯಲಾರದ ಇಂಗ್ಲಿಷ್‌ನಲ್ಲಿ. ಆದರೆ ಆ ಗಿರಣಿಯ ಮೇಸ್ತ್ರಿ ಒಂಬತ್ತನೇ ದಿನ ಏನು ಅಂದ ಎಂಬುದು ಎಐಗೆ ಗೊತ್ತಿಲ್ಲ.

ಡೈರಿಯನ್ನು ಕೈಯಲ್ಲೇ ಬರೆಯಬೇಕು, ಕನ್ನಡದಲ್ಲಿ ಬರೆದರೂ ಸರಿ. ಆವತ್ತಿನದು ಆವತ್ತೇ. ಪ್ರತಿ ಶನಿವಾರ ಪುಟಗಳ ಫೋಟೋ ತೆಗೆದು ಮಾರ್ಗದರ್ಶಕರಿಗೆ ವಾಟ್ಸಾಪ್ ಮಾಡಬೇಕು. ಮೊದಲು ಶನಿವಾರದ ನಿಯಮ ಇರಲಿಲ್ಲ, ಆಗ ಇಡೀ ತಿಂಗಳ ಡೈರಿ ಒಂದೇ ರಾತ್ರಿ ಹುಟ್ಟುತ್ತಿತ್ತು. ಗುರುತಿಸುವುದು ಸುಲಭ: ಒಂದೇ ಪೆನ್ನು, ಒಂದೇ ಒತ್ತು, ಮೊದಲ ದಿನ ಎಂಟು ಸಾಲು, ಇಪ್ಪತ್ತನೇ ದಿನ ಒಂದೂವರೆ. ನಿಜವಾದ ಡೈರಿ ಏರಿಳಿಯುತ್ತದೆ. "ಇವತ್ತು ಕರೆಂಟ್ ಇರಲಿಲ್ಲ, ಸುಮ್ಮನೆ ಕೂತಿದ್ದೆವು" ಎಂದು ಬರೆದವನಿಗೆ ನಾನು ಅಂಕ ಕಳೆಯುವುದಿಲ್ಲ, ನಂಬುತ್ತೇನೆ.

ಸಂಸ್ಥೆಯವರ ಅಭಿಪ್ರಾಯದ್ದೇ ದೊಡ್ಡ ತಲೆನೋವು. ಫಾರಂ ಕಳಿಸಿದರೆ ಎಲ್ಲರಿಗೂ ಐವತ್ತಕ್ಕೆ ನಲವತ್ತೊಂಬತ್ತು. ಪಾಪ, ನಮ್ಮ ಮಾಲೀಕರು ಯಾರ ಮಕ್ಕಳ ಅಂಕಕ್ಕೂ ಕಲ್ಲು ಹಾಕುವವರಲ್ಲ. ಈಗ ಫಾರಂ ಬಿಟ್ಟು ಫೋನ್ ಮಾಡುತ್ತೇನೆ. ಅಂಕದ ಮಾತೇ ಎತ್ತುವುದಿಲ್ಲ. "ಆ ಹುಡುಗನ್ನೇ ಇನ್ನೊಂದು ತಿಂಗಳು ಕಳಿಸಲಾ?" ಎಂದು ಕೇಳಿ ಸುಮ್ಮನಾಗುತ್ತೇನೆ. "ಅಯ್ಯೋ, ಕಳಿಸ್ರಿ ಸರ" ಎಂದು ಥಟ್ಟನೆ ಬಂದರೆ ಒಂದು ಲೆಕ್ಕ. "ಹಾಂ... ನೋಡೋಣ ಸರ, ಈಗ ಸೀಜನ್ ಅಲ್ಲ" ಎಂದರೆ ಇನ್ನೊಂದು. ಆ "ಹಾಂ" ಎಷ್ಟು ಉದ್ದ ಇದೆ ಎಂಬುದರಲ್ಲೇ ಹದಿನೈದು ಅಂಕದ ತೀರ್ಮಾನ ಆಗಿಬಿಡುತ್ತದೆ. ಇದನ್ನು ಮಾನ್ಯತಾ ಸಮಿತಿಯವರು ಕಲಿಕೆಯ ಫಲ ಅಳೆಯಲು ಕೇಳುವ ಸಿಒ-ಪಿಒ ಕೋಷ್ಟಕದಲ್ಲಿ ಯಾವ ಚೌಕಕ್ಕೆ ತುಂಬುವುದೋ, ಆ ಹೊತ್ತಿಗೆ ನೋಡಿಕೊಳ್ಳುತ್ತೇನೆ.

ವೈವಾದಲ್ಲಿ ಪಿಪಿಟಿ ನಿಲ್ಲಿಸಿದ್ದೇನೆ. ಡೈರಿಯನ್ನು ನಾನು ಎಲ್ಲೋ ಒಂದು ಕಡೆ ತೆರೆಯುತ್ತೇನೆ, ಆ ಪುಟದ ಮೇಲೆ ಪ್ರಶ್ನೆ. ಗಾಳಿಯಂತ್ರದ ಸೈಟಿಗೆ ಹೋಗಿದ್ದ ಎಲೆಕ್ಟ್ರಿಕಲ್ ಹುಡುಗನ ಪುಟದಲ್ಲಿ "ಅರ್ಥಿಂಗ್ ಗುಂಡಿಗೆ ನೀರು ಹಾಕಿದರು" ಎಂದಿತ್ತು. ಯಾಕೆ? ತಡವರಿಸಿದ. ಅಲ್ಲಿ ಏಪ್ರಿಲ್‌ನ ನೆಲ ಹೇಗಿತ್ತು ಎಂದು ಕೇಳಿದೆ. "ಬಂಡೆ ಸರ್, ಒಣಗಿ ಬಿರುಕು ಬಿಟ್ಟಿತ್ತು" ಎಂದವನೇ ತಾನೇ ನಿಂತ. ಒಣ ಮಣ್ಣಿನ ವಿದ್ಯುತ್ ರೋಧ ಹೆಚ್ಚು, ಚಿತ್ರದುರ್ಗದ ಬಂಡೆನೆಲದಲ್ಲಿ ಇನ್ನೂ ಹೆಚ್ಚು, ಸಿಡಿಲು ಬಡಿದರೆ ಕರೆಂಟ್ ಭೂಮಿಗೆ ಇಳಿಯಲು ದಾರಿ ಬೇಕು. ಪುಸ್ತಕದ ಸಾಲು ಅವನೊಳಗೇ ಇತ್ತು, ಆ ಗುಂಡಿಗೆ ಸೇರಿಸಿರಲಿಲ್ಲ. ಅಲ್ಲೇ ಸೇರಿತು. ಒಳ್ಳೆಯ ಅಂಕ ಕೊಟ್ಟೆ.

ಕಂಪ್ಯೂಟರ್ ಸೈನ್ಸ್‌ನವರು ಹೇಳುವುದೂ ನ್ಯಾಯವೇ: ನಮಗೆ ಗಿರಣಿಯಲ್ಲಿ ಏನು ಕೆಲಸ? ಹೋದ ವರ್ಷ ಇಬ್ಬರನ್ನು ಒಂದು ಬಟ್ಟೆ ಅಂಗಡಿಯ ಸ್ಟಾಕ್ ಲೆಕ್ಕಕ್ಕೆ ಕಳಿಸಿದೆ. ಒಂದೇ ಸೀರೆಗೆ ಮೂರು ಮಂದಿ ಸೇಲ್ಸ್‌ಮನ್‌ಗಳು ಮೂರು ಹೆಸರು ಹೊಡೆದಿದ್ದರು. ಅದನ್ನು ಸರಿಮಾಡುವುದರಲ್ಲೇ ಎರಡು ವಾರ ಹೋಯಿತು. ಒಂದೇ ಮಾಹಿತಿ ಹಲವು ಕಡೆ ಬೇರೆಬೇರೆಯಾಗಿ ಕೂರದಂತೆ ಜೋಡಿಸುವ ಡೇಟಾಬೇಸ್ ಪಾಠದ ನಾರ್ಮಲೈಸೇಷನ್ ಆಗ ತಲೆಗೆ ಹತ್ತಿತು ಎಂದರು. ಎಲ್ಲರಿಗೂ ಇಂಥ ಜಾಗ ಸಿಗುವುದಿಲ್ಲ, ಒಪ್ಪುತ್ತೇನೆ. ಬೆಂಗಳೂರಿಗೆ ಹೋಗುವವರು ಹೋಗಲಿ. ಆದರೆ 14 ವಾರ ಅಲ್ಲಿ ಪಿಜಿ ಬಾಡಿಗೆ, ಊಟ ಎಂದರೆ ಜಗಳೂರು, ಹರಪನಹಳ್ಳಿ ಕಡೆಯ ಒಕ್ಕಲು ಮನೆಗೆ ಅದೇನು ಸಣ್ಣ ದುಡ್ಡಲ್ಲ. ಅದರ ಮೇಲೆ ಇಂಟರ್ನ್‌ಶಿಪ್‌ಗೇ ಶುಲ್ಕ ಕೇಳುವವರಿದ್ದಾರೆ. ಹುಡುಗ ಕೆಲಸ ಮಾಡಬೇಕು, ಹುಡುಗನೇ ಸಂಬಳ ಕೊಡಬೇಕು! ಅಂಥ ಕಡೆಯ ಪತ್ರ ತಂದರೆ ನಾನು ಸಹಿ ಹಾಕುವುದಿಲ್ಲ. ಇನ್ನೊಂದು ಗೊಂದಲ: 2024ರಲ್ಲಿ ತಿಂಗಳಿಗೆ 5000 ರೂಪಾಯಿಯ ಲೆಕ್ಕದಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ದುಡ್ಡು ನಮ್ಮ ಹುಡುಗರಿಗೂ ಸಿಗುತ್ತದೆಂದು ಪೋಷಕರು ಬಂದು ಕೇಳುತ್ತಾರೆ. ಶುರುವಾದಾಗಲೇ ಅದನ್ನು ಪೂರ್ಣಾವಧಿ ಓದುತ್ತಿರುವವರನ್ನು ಹೊರಗಿಟ್ಟೇ ಮಾಡಿದ್ದು.

ಆನ್‌ಲೈನ್ ಸರ್ಟಿಫಿಕೇಟ್‌ನ ಆ ಹುಡುಗನನ್ನು ನಾನು ಫೇಲ್ ಮಾಡಲಿಲ್ಲ. ಮುಂದಿನ ರಜೆಯಲ್ಲಿ ಮತ್ತೆ ನಾಲ್ಕು ವಾರ ಮಾಡು ಎಂದು ಬರೆದು ಕೊಟ್ಟೆ, ಸಕ್ಕರೆ ಕಾರ್ಖಾನೆಯ ಓವರ್‌ಹಾಲಿಂಗ್‌ಗೆ. ಮೊದಲ ಶನಿವಾರ ಫೋಟೋ ಬರಲಿಲ್ಲ. ಎರಡನೆಯ ಶನಿವಾರ ರಾತ್ರಿ ಹನ್ನೊಂದಕ್ಕೆ ಬಂತು. ಗ್ರೀಸ್ ಬೆರಳಚ್ಚು ಮೂಡಿದ ಪುಟ, ವಕ್ರ ಅಕ್ಷರ. "ರೋಲರ್ ಹಲ್ಲುಗಳ ಮೇಲೆ ವೆಲ್ಡಿಂಗ್ ಮಣಿ ಕೂರಿಸುತ್ತಾರೆ. ನುಣುಪು ಮಾಡುವುದಿಲ್ಲ, ಒರಟಾಗೇ ಬಿಡುತ್ತಾರೆ. ಯಾಕೆ ಅಂತ ಸೋಮವಾರ ಕೇಳುತ್ತೇನೆ."