ಲಾಗಿನ್ ಲೂಪ್: ಪಾಸ್‌ವರ್ಡ್ ಒಪ್ಪಿದ ಮೇಲೂ ತೆರೆಯದ ಡೆಸ್ಕ್‌ಟಾಪ್

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಡೆಸ್ಕ್‌ಟಾಪ್ ತೆರೆದುಕೊಳ್ಳದೆ, ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಲಾಗಿನ್ ಪರದೆಯೇ ಬಂದು ನಿಲ್ಲುವುದಕ್ಕೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬಳಸುವವರು ಲಾಗಿನ್ ಲೂಪ್ ಎನ್ನುತ್ತಾರೆ. ಉಬುಂಟು, ಮಿಂಟ್, ಫೆಡೋರಾ ಮುಂತಾದ ಲಿನಕ್ಸ್ ಬಗೆಗಳಲ್ಲಿ ಯಾವುದರಲ್ಲಾದರೂ ಇದು ಕಾಣಿಸಿಕೊಳ್ಳಬಹುದು. ಮೊದಲ ಸಲ ಎದುರಾದವರು ಪಾಸ್‌ವರ್ಡನ್ನೇ ಅನುಮಾನಿಸುತ್ತಾರೆ. ಕ್ಯಾಪ್ಸ್ ಲಾಕ್ ನೋಡುತ್ತಾರೆ, ಒಂದೊಂದೇ ಅಕ್ಷರ ನಿಧಾನವಾಗಿ ಒತ್ತುತ್ತಾರೆ. ಅಷ್ಟರಲ್ಲಿ ಯಾರಾದರೂ ‘ಫಾರ್ಮ್ಯಾಟ್ ಮಾಡಿಬಿಡಿ’ ಎಂದುಬಿಡುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಬಹುತೇಕ ಸಂದರ್ಭಗಳಲ್ಲಿ ನಿಮ್ಮ ಫೈಲುಗಳೆಲ್ಲ ಇದ್ದ ಹಾಗೆಯೇ ಇರುತ್ತವೆ.

ಪಾಸ್‌ವರ್ಡ್ ತಪ್ಪಾಗಿದ್ದರೆ ಲಾಗಿನ್ ಪರದೆ ಅಲ್ಲಿಯೇ ನಿಂತು ತಪ್ಪು ಎಂದು ಹೇಳುತ್ತದೆ. ಪರದೆ ಕಪ್ಪಾಯಿತು ಎಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಲಿನಕ್ಸ್‌ನಲ್ಲಿ ಲಾಗಿನ್ ಪರದೆಯೇ ಬೇರೆ, ಡೆಸ್ಕ್‌ಟಾಪೇ ಬೇರೆ. ಲಾಗಿನ್ ಪರದೆಯನ್ನು ನಡೆಸುವ ಪ್ರೋಗ್ರಾಂಗೆ ಡಿಸ್‌ಪ್ಲೇ ಮ್ಯಾನೇಜರ್ ಎಂದು ಹೆಸರು. ಗ್ನೋಮ್ ಡೆಸ್ಕ್‌ಟಾಪ್ ಜೊತೆ ಸಾಮಾನ್ಯವಾಗಿ ಜಿಡಿಎಂ, ಕೆಡಿಇ ಡೆಸ್ಕ್‌ಟಾಪ್ ಜೊತೆ ಎಸ್‌ಡಿಡಿಎಂ, ಮಿಂಟ್‌ನಲ್ಲಿ ಲೈಟ್‌ಡಿಎಂ ಇರುತ್ತದೆ. 1988ರಲ್ಲಿ, ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯೊಂದಿಗೆ ಬಂದ ಎಕ್ಸ್‌ಡಿಎಂ ಈ ಬಳಗಕ್ಕೆ ಹಿರಿಯ. ಪಾಸ್‌ವರ್ಡನ್ನು ಪರೀಕ್ಷಿಸುವುದು ಪ್ಯಾಮ್ ಎಂಬ ಇನ್ನೊಂದು ವ್ಯವಸ್ಥೆ. ಅದು ಸೈ ಎಂದ ಮೇಲೆ ಡಿಸ್‌ಪ್ಲೇ ಮ್ಯಾನೇಜರ್ ನಿಮ್ಮ ಹೆಸರಿನಲ್ಲಿ ಒಂದು ಸೆಷನ್, ಅಂದರೆ ಲಾಗಿನ್‌ನಿಂದ ಲಾಗ್ ಔಟ್‌ವರೆಗಿನ ಡೆಸ್ಕ್‌ಟಾಪ್ ಕಲಾಪ, ಆರಂಭಿಸುತ್ತದೆ. ಆ ಸೆಷನ್ ಮುಗಿದ ಕೂಡಲೇ ಲಾಗಿನ್ ಪರದೆಯನ್ನು ಮತ್ತೆ ಮುಂದಿಡುತ್ತದೆ. ನೀವಾಗಿಯೇ ಲಾಗ್ ಔಟ್ ಆದಿರೋ, ಸೆಷನ್ ಹುಟ್ಟುತ್ತಲೇ ಸತ್ತಿತೋ, ಅದಕ್ಕೆ ಎರಡೂ ಒಂದೇ. ಲಾಗಿನ್ ಲೂಪ್‌ನಲ್ಲಿ ನೀವು ಒಳಗೆ ಹೋಗಿರುತ್ತೀರಿ, ಮರುಕ್ಷಣವೇ ಹೊರಗೆ ಬಂದಿರುತ್ತೀರಿ.

ಹಾಗಾದರೆ ಒಳಗೆ ಹೋಗಿ ನೋಡುವುದು ಹೇಗೆ? ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಪರದೆಯೊಂದು ಬರುತ್ತದೆ. ಹೆಸರು, ಪಾಸ್‌ವರ್ಡ್ ಅಲ್ಲಿ ಕೊಡಿ. ಇದಕ್ಕೆ ಗ್ರಾಫಿಕ್ಸ್ ಡೆಸ್ಕ್‌ಟಾಪ್‌ನ ಹಂಗಿಲ್ಲದ ಕಾರಣ ಸಾಮಾನ್ಯವಾಗಿ ತಕರಾರಿಲ್ಲದೆ ತೆರೆದುಕೊಳ್ಳುತ್ತದೆ.

ಮೊದಲು ಡಿಎಫ್ ಆಜ್ಞೆ ಕೊಟ್ಟು ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿ. ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಶೇ 5ರಷ್ಟು ಜಾಗವನ್ನು ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಿಗೆಂದೇ ಮೀಸಲಿಡುವುದು ವಾಡಿಕೆ. ಹೀಗಾಗಿ ಡಿಸ್ಕ್ ತುಂಬಿದರೂ ಕಂಪ್ಯೂಟರ್ ಬೂಟ್ ಆಗಿ ಲಾಗಿನ್ ಪರದೆಯವರೆಗೆ ಬಂದುಬಿಡಬಹುದು. ನಿಮ್ಮ ಸೆಷನ್ ಮಾತ್ರ ಒಂದು ಚಿಕ್ಕ ಫೈಲನ್ನೂ ಬರೆಯಲಾಗದೆ ಕುಸಿಯುತ್ತದೆ. ಮಿಂಟ್‌ನಲ್ಲಿ ವ್ಯವಸ್ಥೆಯ ನಕಲು ತೆಗೆದಿಡುವ ಟೈಮ್‌ಶಿಫ್ಟ್‌ನ ಹಳೆಯ ಸ್ನ್ಯಾಪ್‌ಶಾಟ್‌ಗಳು ಹೀಗೆ ಸದ್ದಿಲ್ಲದೆ ಡಿಸ್ಕ್ ತುಂಬಿಸುವುದುಂಟು.

ಜಾಗ ಸಾಕಷ್ಟಿದ್ದರೆ ಅದೇ ಪರದೆಯಲ್ಲಿ ಸೂಡೊ (ರೂಟ್ ಅಧಿಕಾರದಿಂದ ಕೆಲಸ ಮಾಡಿಸುವ ಆಜ್ಞೆ) ಬಳಸಿ ಹೊಸ ಬಳಕೆದಾರನನ್ನು ಸೃಷ್ಟಿಸಿ, ಆ ಹೆಸರಿನಲ್ಲಿ ಡೆಸ್ಕ್‌ಟಾಪ್‌ಗೆ ಹೋಗಲು ಪ್ರಯತ್ನಿಸಿ. ಇದು ನನಗೆ ಬಹಳ ಮೆಚ್ಚಿಕೆಯಾದ ಪರೀಕ್ಷೆ. ಹೊಸಬನಿಗೆ ಡೆಸ್ಕ್‌ಟಾಪ್ ತೆರೆದುಕೊಂಡರೆ ದೋಷವಿರುವುದು ನಿಮ್ಮ ಫೈಲು, ಸೆಟ್ಟಿಂಗ್‌ಗಳೆಲ್ಲ ಇರುವ ಹೋಂ ಫೋಲ್ಡರ್‌ನಲ್ಲಿ. ಅವನನ್ನೂ ಹೊರಗಟ್ಟಿದರೆ ದೋಷ ಇಡೀ ವ್ಯವಸ್ಥೆಯದು. ಹುಡುಕಬೇಕಾದ ಜಾಗ ಒಂದೇ ಏಟಿಗೆ ಅರ್ಧವಾಗುತ್ತದೆ.

ಹೋಂ ಫೋಲ್ಡರ್‌ನಲ್ಲಿ ಮೊದಲು ನೋಡಬೇಕಾದದ್ದು ಎಕ್ಸ್‌ಅಥಾರಿಟಿ ಎಂಬ ಫೈಲ್. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಅದು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಎಕ್ಸ್ ಸರ್ವರ್‌ಗೆ ನೀವೇ ಎಂದು ಖಾತ್ರಿಪಡಿಸುವ ಗುಟ್ಟಿನ ಕೀಲಿ ಅದರಲ್ಲಿರುತ್ತದೆ. ಯಾವಾಗಲೋ ಸೂಡೊ ಹಾಕಿ, ಎಕ್ಸ್ ಅನ್ನು ಕೈಯಾರೆ ಶುರುಮಾಡುವ ಸ್ಟಾರ್ಟ್‌ಎಕ್ಸ್ ಆಜ್ಞೆ ಕೊಟ್ಟಿದ್ದರೆ ಫೈಲಿನ ಒಡೆತನ ರೂಟ್‌ಗೆ ಹೋಗಿಬಿಡಬಹುದು. ಎಲ್ಎಸ್ ಆಜ್ಞೆಗೆ ಎಲ್ ಮತ್ತು ಎ ಆಯ್ಕೆಗಳನ್ನು ಸೇರಿಸಿ ಪಟ್ಟಿ ನೋಡಿ: ಆ ಫೈಲಿನ ಸಾಲಿನಲ್ಲಿ ನಿಮ್ಮ ಹೆಸರು ಎರಡು ಬಾರಿ ಇರಬೇಕಾದಲ್ಲಿ ‘ರೂಟ್ ರೂಟ್’ ಎಂದಿದ್ದರೆ ಕಾರಣ ಸಿಕ್ಕಿತು. ನಿಮ್ಮದೇ ಹೋಂ ಫೋಲ್ಡರ್‌ನಲ್ಲಿರುವ ಆ ಫೈಲನ್ನು ಓದುವ ಹಕ್ಕು ನಿಮಗೇ ಇಲ್ಲ. ಚೌನ್ ಆಜ್ಞೆಯಿಂದ ಒಡೆತನ ಮರಳಿ ಪಡೆಯಿರಿ, ಇಲ್ಲವೇ ಫೈಲಿನ ಹೆಸರು ಬದಲಿಸಿ. ಮುಂದಿನ ಲಾಗಿನ್‌ನಲ್ಲಿ ಹೊಸದು ತಾನಾಗಿ ಹುಟ್ಟುತ್ತದೆ. ಈಗಿನ ಜಿಡಿಎಂ ಈ ಕೀಲಿಯನ್ನು ಬೇರೆಡೆ ಇಡುತ್ತದೆ, ಹಾಗಾಗಿ ಈ ಮದ್ದು ಲೈಟ್‌ಡಿಎಂನಂಥವುಗಳಿಗೇ ಹೆಚ್ಚು ಹೊಂದುತ್ತದೆ.

ಇನ್ನೊಂದು ಅಪರಾಧಿ, ಲಾಗಿನ್ ಆಗುವಾಗ ಓದಲಾಗುವ ಪ್ರೊಫೈಲ್ ಎಂಬ ಸೆಟ್ಟಿಂಗ್ ಫೈಲ್. ಕನ್ನಡ ಟೈಪಿಂಗ್‌ಗಾಗಿ ಐಬಸ್ ಅಥವಾ ಎಫ್‌ಸಿಟಿಎಕ್ಸ್ ಹಾಕಿಕೊಳ್ಳುವವರು ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಸಾಲುಗಳನ್ನು ಅದರಲ್ಲಿ ಸೇರಿಸುವುದು ಸಾಮಾನ್ಯ. ಒಂದು ಉದ್ಧರಣ ಚಿಹ್ನೆ ಮುಚ್ಚದೆ ಉಳಿದರೂ ಸೆಷನ್ ಆರಂಭಿಸುವ ಸ್ಕ್ರಿಪ್ಟ್ ಅಲ್ಲಿಯೇ ನಿಂತುಬಿಡಬಹುದು. ಇತ್ತೀಚೆಗೆ ಸೇರಿಸಿದ ಸಾಲುಗಳ ಮುಂದೆ ಹ್ಯಾಷ್ ಗುರುತು ಹಾಕಿ ಮತ್ತೆ ಪ್ರಯತ್ನಿಸಿ.

ಹೊಸ ಬಳಕೆದಾರನೂ ಒಳಗೆ ಹೋಗಲಾಗದಿದ್ದರೆ, ಅದೂ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಬೆನ್ನಲ್ಲೇ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಮೇಲೆ ಸಂಶಯಪಡಬೇಕು. ಕಂಪ್ಯೂಟರ್ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿದಾಗ ಸರಿಹೋದರೆ ಸಂಶಯ ಗಟ್ಟಿಯಾಗುತ್ತದೆ. ಲಾಗಿನ್ ಪರದೆಯಲ್ಲಿ ವೇಲ್ಯಾಂಡ್ (ಎಕ್ಸ್‌ಗೆ ಬದಲಾಗಿ ಬಂದ ಹೊಸ ವ್ಯವಸ್ಥೆ), ಎಕ್ಸ್‌ಆರ್ಗ್ (ಹಳೆಯ ಎಕ್ಸ್) ಎರಡೂ ಸೆಷನ್‌ಗಳಿದ್ದರೆ ಇನ್ನೊಂದನ್ನು ಆರಿಸಿ ನೋಡುವುದೂ ಒಂದು ದಾರಿ.

ಇಷ್ಟಾದರೂ ಬಗೆಹರಿಯದಿದ್ದರೆ ಊಹೆ ಬಿಟ್ಟು ಲಾಗ್ ಓದಬೇಕು. ಎಂಟರ್ ಒತ್ತಿದ ಸಮಯವನ್ನು ಗುರುತಿಟ್ಟುಕೊಂಡು, ಜರ್ನಲ್‌ಸಿಟಿಎಲ್ ಆಜ್ಞೆಗೆ ಬಿ ಆಯ್ಕೆ ಸೇರಿಸಿದರೆ ಬರುವ ದಾಖಲೆಯಲ್ಲಿ ಆ ನಿಮಿಷದ ಸಾಲುಗಳನ್ನು ನೋಡಿ. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದಿದ್ದರೆ ಜಾಗದ ಕೊರತೆ, ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಹೆಚ್ಚಾಗಿ ಒಡೆತನದ ತೊಡಕು. ಬಲ್ಲವರ ನೆರವು ಕೇಳುವಾಗ ‘ಲಾಗಿನ್ ಆಗುತ್ತಿಲ್ಲ’ ಎನ್ನುವ ಬದಲು ಆ ಹತ್ತಿಪ್ಪತ್ತು ಸಾಲುಗಳನ್ನೇ ಅವರ ಮುಂದಿಡಿ.